ರುಚಿ ನೋಡದವನ ಮಟನ್

ನಾನು ಮೂಳೆ ಡಾಕ್ಟರು. ಇಪ್ಪತ್ತೆರಡು ವರ್ಷದಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಮುರಿದ ಸೊಂಟ, ಸವೆದ ಮಂಡಿಗಳನ್ನು ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಗರಗಸ, ಸುತ್ತಿಗೆ, ಡ್ರಿಲ್ಲು ಹಿಡಿದು ಬೆಳಿಗ್ಗೆಯೆಲ್ಲ ಕೆಲಸ ಮಾಡಿ, ಕೈ ತೊಳೆದು, ಡಬ್ಬಿಯ ಮೊಸರನ್ನವನ್ನು ನಿಶ್ಚಿಂತೆಯಿಂದ ತಿನ್ನುತ್ತೇನೆ. ಅದೇ ನಾನು ಸೂಪರ್‌ಮಾರ್ಕೆಟ್ಟಿನಲ್ಲಿ ಮಾಂಸ ಇಟ್ಟಿರುವ ಸಾಲು ಬಂದರೆ ಬಿಸ್ಕತ್ತಿನ ಸಾಲಿನಿಂದ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮೈಸೂರಿನ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೂ ದನಿ ತಗ್ಗಿಸಿ ಹೇಳುತ್ತಿದ್ದರು. ಇಂಥವನು ಹೋದ ವರ್ಷ ನವಮಿಯ ದಿನ ಎರಡೂವರೆ ಕಿಲೋ ಮಟನ್ ಬೇಯಿಸಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ಬಾಯಿಯೇ ನನ್ನನ್ನು ಆ ಬಾಣಲೆಯ ಮುಂದೆ ತಂದು ನಿಲ್ಲಿಸಿತ್ತು.

ಹಾರ್ಬೋರ್ನ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಬಂಗಾಳಿ ದಂಪತಿಯಿದ್ದರು. ಗಂಡ ಡರ್ಬಿಗೆ ದಿನವೂ ಕಾರಿನಲ್ಲಿ ಹೋಗಿ ಬರುತ್ತಿದ್ದ ಎಂಜಿನಿಯರ್. ಆಕೆ ಶಾಲೆಯಲ್ಲಿ ಗಣಿತದ ಮೇಡಂ. ಅವರ ಊರಿನ ರೂಢಿಯಂತೆ ನಾನೂ ನನ್ನ ಹೆಂಡತಿಯೂ ಅವರನ್ನು ದಾದಾ ಎಂದೂ ಆಕೆಯನ್ನು ಬೌದಿ ಎಂದೂ ಕರೆಯುತ್ತಿದ್ದೆವು, ಅಂದರೆ ಅಣ್ಣ, ಅತ್ತಿಗೆ. ನಮ್ಮ ನಾಲ್ವರ ನಡುವೆ ಓಡುತ್ತಿದ್ದದ್ದು ಇಂಗ್ಲಿಷು, ಮಧ್ಯೆ ಮಧ್ಯೆ ಹಿಂದಿ. ಇಲ್ಲಿ ಕನ್ನಡದಲ್ಲೇ ಬರೆದುಬಿಡುತ್ತೇನೆ.

ನವಮಿಯ ದಿನ ನಾವು ಕಾರಿಗೆ, ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚಿ ಆಯುಧಪೂಜೆ ಮಾಡುತ್ತೇವೆ. ಅವರು ದುರ್ಗೆಗೆ ಕೈ ಮುಗಿದು ಬಂದು ಮಧ್ಯಾಹ್ನ ಮಟನ್ ತಿನ್ನುತ್ತಾರೆ. ಜೊತೆಗೆ ಹಳದಿ ಬಣ್ಣದ ಸಿಹಿ ಅನ್ನ, ಬಾಸಂತಿ ಪುಲಾವ್: ತುಪ್ಪ, ಸಕ್ಕರೆ, ಗೋಡಂಬಿ, ಒಣದ್ರಾಕ್ಷಿ, ಏಲಕ್ಕಿ. ಅನ್ನ ಬೌದಿಯ ಖಾತೆ. ಅದನ್ನು ಬೆಳಿಗ್ಗೆಯೇ ಮಾಡಿ, ಮುಚ್ಚಿಟ್ಟು, ನನ್ನ ಹೆಂಡತಿಯನ್ನೂ ಕರೆದುಕೊಂಡು ಪೂಜೆಯ ಹಾಲ್‌ಗೆ ಹೊರಡುತ್ತಿದ್ದರು. ಮಟನ್ ದಾದಾರ ಖಾತೆ. ಹೆಂಗಸರು ಹೋದ ಮೇಲೆ ಬಾಗಿಲು ಹಾಕಿಕೊಂಡು ಶುರು ಮಾಡುತ್ತಿದ್ದರು. ಅವರಿಗೆ ಹರಟೆಗೊಬ್ಬ ಬೇಕು, ನನಗೆ ಪೂಜೆಯ ಹಾಲ್‌ನ ಗದ್ದಲ ಬೇಡ. ಹೀಗಾಗಿ ಹದಿನೆಂಟು ವರ್ಷ, ಪ್ರತಿ ನವಮಿಗೂ, ನಾನು ಅವರ ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಒಬ್ಬ ಮನುಷ್ಯ ಮಾಂಸ ಹುರಿಯುವುದನ್ನು ನೋಡಿದ್ದೇನೆ.

ನೋಡುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಬಾಯಿಗೆ ಇಡುವುದನ್ನು ನೋಡಲು ಮಾತ್ರ ಆಗುತ್ತಿರಲಿಲ್ಲ. ಇದು ದಾದಾರಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಎಲ್ಲ ಮುಗಿದು ಮಸಾಲೆ ಎಣ್ಣೆ ಬಿಡುವ ಹೊತ್ತಿಗೆ, "ಡಾಕ್ಟರ್, ಈಗ ರುಚಿ ನೋಡ್ತೀನಿ. ನೀವು ಆ ಕಡೆ ತಿರುಗಿ" ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಪಕ್ಕದ ಮನೆಯವರ ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ನು, ಅದರ ಮೇಲೆ ಬಿದ್ದ ಎಲೆಗಳು ಕಾಣುತ್ತಿದ್ದವು. ಹಿಂದಿನಿಂದ ಸೌಟಿನ ಸದ್ದು, ಪಾತ್ರೆಯ ಸದ್ದು, ಒಂದು ತೃಪ್ತಿಯ ಹೂಂಕಾರ. "ಆಯ್ತು, ತಿರುಗಿ." ನಾನು ತಿರುಗುತ್ತಿದ್ದೆ. ಎಷ್ಟು ಸೂಕ್ಷ್ಮದ ಮನುಷ್ಯ, ನನ್ನ ಆಚಾರಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಎಂದು ನನಗೆ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತಿತ್ತು.

ಇದರ ಜೊತೆಗೆ ಪ್ರತಿ ವರ್ಷ ಇನ್ನೊಂದು ಕಾರ್ಯಕ್ರಮವೂ ಇತ್ತು. ಬೌದಿ ಬಂದು ಅನ್ನದ ಪಾತ್ರೆಯ ಮುಚ್ಚಳ ತೆಗೆದು ಚಮಚದಿಂದ ಕೆದಕಿ, "ಡಾಕ್ಟರ್! ಮತ್ತೆ?" ಎನ್ನುತ್ತಿದ್ದರು. ಆ ಅನ್ನದ ತಳದಲ್ಲಿ ತುಪ್ಪ, ಸಕ್ಕರೆ ಇಳಿದು ಕೆಂಪಗೆ ಒಂದು ಪದರ ಕಟ್ಟುತ್ತದೆ, ದ್ರಾಕ್ಷಿಯೂ ಭಾರಕ್ಕೆ ಅಲ್ಲೇ ಹೋಗಿ ಕೂರುತ್ತದೆ. ಅಡುಗೆ ಮಾಡಿದವರ ಪಾಲು ಅದು, ಬೌದಿ ಅದಕ್ಕೇ ಕಾಯುತ್ತಿದ್ದದ್ದು. ಪ್ರತಿ ವರ್ಷವೂ ಯಾರೋ ಒಂದು ಮೂಲೆಯಿಂದ ಅದನ್ನು ಕೆರೆದುಕೊಂಡಿರುತ್ತಿದ್ದರು. ಮನೆಯಲ್ಲಿದ್ದವರು ಇಬ್ಬರೇ, ಅದರಲ್ಲಿ ಸಿಹಿಗೆ ಬಾಯಿ ಬಿಡುವವನು ನಾನು. ನಾನು ತಲೆ ತಗ್ಗಿಸುತ್ತಿದ್ದೆ. ಯಾಕೆಂದರೆ ದಾದಾ ಕಸದ ಚೀಲ ಹೊರಗಿಡಲು ಹೋದಾಗ ನಾನು ಮುಚ್ಚಳ ಎತ್ತಿ ಮೇಲಿನ ನಾಲ್ಕು ಗೋಡಂಬಿ ಬಾಯಿಗೆ ಹಾಕಿಕೊಂಡಿರುತ್ತಿದ್ದೆ. ಕಳ್ಳತನ ಮಾಡಿದ್ದು ನಿಜವಾದ್ದರಿಂದ ಎಷ್ಟು, ಎಲ್ಲಿಂದ ಎಂದು ವಾದ ಮಾಡುವ ಧೈರ್ಯ ಬರಲಿಲ್ಲ. ದಾದಾ ಪಕ್ಕದಲ್ಲಿ ನಿಂತು, "ಓದಿದವರು ಹೀಗೆ ಮಾಡಬಾರದು" ಎಂದು ತಲೆ ಅಲ್ಲಾಡಿಸುತ್ತಿದ್ದರು.

ದಾದಾ ಒಂದು ಚಳಿಗಾಲದ ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಕುಸಿದು ಹೋದರು. ಹೃದಯ. ನಾನು ಓಡಿ ಹೋಗುವಷ್ಟರಲ್ಲಿ ನನ್ನ ವಿದ್ಯೆಗೆ ಏನೂ ಕೆಲಸ ಉಳಿದಿರಲಿಲ್ಲ.

ವರ್ಷ ತುಂಬಿದ ದಿನ ಬೌದಿಯ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದೆವು. ಅವರು ಮಾಂಸ ಬಿಟ್ಟಿದ್ದಾರೆಂದು ನನ್ನ ಹೆಂಡತಿಗೆ ಹೇಗೋ ಗೊತ್ತಾಗಿತ್ತು. ಅಜ್ಜಿಯ ಕಾಲದ ವಿಧವೆಯರ ಹಾಗೆ ವ್ರತ ಹಿಡಿದರೇನೋ ಎಂದುಕೊಂಡು ನಾನು ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬಂತು.

"ವ್ರತ ಗಿತ ಏನೂ ಅಲ್ಲ. ಒಬ್ಬರ ಮನೆಯಲ್ಲಿ ತಿಂದೆ, ಚೆನ್ನಾಗಿತ್ತು. ಮನೆಗೆ ಬಂದು ಇವರ ಮಟನ್ ಹೇಗಿರುತ್ತಿತ್ತು ಅಂತ ನೆನಪು ಮಾಡಿಕೊಂಡರೆ ಅವರ ಮನೆಯ ರುಚಿಯೇ ಬಾಯಿಗೆ ಬಂತು. ಫೋಟೋ ಇದೆ ಡಾಕ್ಟರ್, ಧ್ವನಿ ಫೋನಿನಲ್ಲಿದೆ. ಈ ರುಚಿಯನ್ನ ಎಲ್ಲಿ ಇಟ್ಟುಕೊಳ್ಳಲಿ? ಇನ್ನೊಂದು ನಾಲ್ಕು ಕಡೆ ತಿಂದರೆ ಪೂರ್ತಿ ಅಳಿಸಿ ಹೋಗುತ್ತೆ. ಅದಕ್ಕೇ ಬಿಟ್ಟೆ."

"ನೀವೇ ಮಾಡಬಹುದಲ್ಲ?"

"ಮಾಡಿದೆ. ಅದಲ್ಲ. ಅಡುಗೆಮನೆಗೆ ನನ್ನನ್ನ ಬಿಟ್ಟಿದ್ದರೆ ತಾನೇ ಗೊತ್ತಾಗೋದು."

ಅಲ್ಲಿಗೆ ಸುಮ್ಮನಿದ್ದಿದ್ದರೆ ನನ್ನದೇನು ಗಂಟು ಹೋಗುತ್ತಿತ್ತು? "ನನಗೆ ಗೊತ್ತು" ಅಂದೆ. "ಮೊದಲಿನಿಂದ ಕೊನೆವರೆಗೂ ಗೊತ್ತು. ಹದಿನೆಂಟು ವರ್ಷ ನೋಡಿದ್ದೀನಿ. ನವಮಿಗೆ ನಾನು ಮಾಡ್ತೀನಿ, ಅನ್ನವನ್ನೂ ನಾನೇ ಮಾಡ್ತೀನಿ." ಬೌದಿ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ಆ ನೋಟದಲ್ಲಿ ಎಷ್ಟು ಆಸೆಯಿತ್ತೆಂದರೆ, ತಮಾಷೆಗೆ ಹೇಳಿದೆ ಎಂದು ಜಾರಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಮಂಗಳಾರತಿ ಮಾಡಿದಳು. ಅವಳು ಧಾರವಾಡದವಳು, ನನ್ನಷ್ಟೇ ಶುದ್ಧ ಸಸ್ಯಾಹಾರಿ, ನನಗಿಂತ ಹೆಚ್ಚು ವಿವೇಕಿ.

"ಒಂದ್ ದಿನಾನೂ ಬಾಯಾಗ ಇಟ್ಟಿಲ್ಲ, ಅದರ ರುಚಿ ಹೆಂಗಿರತದ ಅಂತ ನಿಮಗ ಹೆಂಗ ಗೊತ್ತಾಗಬೇಕ್ರಿ?"

"ನಮ್ಮಮ್ಮ ಐವತ್ತು ವರ್ಷ ನೈವೇದ್ಯಕ್ಕೆ ಅಡುಗೆ ಮಾಡಿದಳು. ದೇವರಿಗೆ ಇಡೋ ಮೊದಲು ಒಂದು ದಿನಾನೂ ರುಚಿ ನೋಡಲಿಲ್ಲ. ಉಪ್ಪು ವಾಸನೆಯಲ್ಲೇ ಗೊತ್ತಾಗ್ತಿತ್ತು. ನನಗೂ ಆ ಮೂಗು ಬಂದಿದೆ."

"ಮೂಗು ಬಂದದ, ಖರೆ. ಕೈ ಬಂದಿಲ್ಲ" ಅಂದಳು. ಆಮೇಲೆ, "ಆಕಿ ಮುಖಾ ನೋಡಿ ನನಗೂ ಬ್ಯಾಡ ಅನ್ನಲಿಕ್ಕೆ ಆಗಲಿಲ್ಲ ಬಿಡ್ರಿ. ಆದರ ನನ್ನ ಅಡಗಿಮನಿ ಒಳಗ ಅದು ಬರಂಗಿಲ್ಲ. ಗ್ಯಾರೇಜಿನ್ಯಾಗ ಮಾಡ್ಕೋರಿ" ಎಂದು ಅಪ್ಪಣೆ ಕೊಟ್ಟಳು.

ಮಾಂಸ ತರಲು ನಾನೇ ಹೋದೆ. ಅಂಗಡಿಯಲ್ಲಿ ಗಡ್ಡದ ಹಿರಿಯರೊಬ್ಬರು ಕತ್ತಿ ಹಿಡಿದು, ಭುಜವೋ ತೊಡೆಯೋ ಎಂದು ಕೇಳಿದರು. ದಾದಾ ತರುತ್ತಿದ್ದದ್ದು ಮುಂಗಾಲಿನ ಭಾಗ, ಮೂಳೆ ಸಮೇತ. ಅದನ್ನು ವಿವರಿಸಲು ಹೋಗಿ ನನ್ನ ಬಾಯಿಂದ ಸ್ಕ್ಯಾಪುಲಾ, ಹ್ಯೂಮರಸ್ ಎಂದು ಮೂಳೆಗಳ ಹೆಸರೆಲ್ಲ ಬಂತು, ಎಲ್ಲಿ ಕಡಿಯಬೇಕೆಂದು ನನ್ನ ಭುಜವನ್ನೇ ಮುಟ್ಟಿ ತೋರಿಸಿದೆ. ಹಿಂದೆ ನಿಂತಿದ್ದ ಹೆಂಗಸು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಕತ್ತಿಯ ಮೊದಲ ಏಟು ಬಿದ್ದಾಗ ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. "ಏನು ಕೆಲಸ ನಿಮ್ಮದು?" ಎಂದರು ಅವರು. "ಐಟಿ" ಎಂದು ಸುಳ್ಳು ಹೇಳಿದೆ.

ನವಮಿ ಆ ವರ್ಷ ವಾರದ ಮಧ್ಯೆ ಬಂದಿತ್ತು. ಆಸ್ಪತ್ರೆಯ ಪಾಳಿ ಪಟ್ಟಿಯಲ್ಲಿ ಯಾರ ಯಾರದೋ ಕೈಕಾಲು ಹಿಡಿದು ರಜೆ ಮಾಡಿಕೊಂಡೆ. ಬೆಳಿಗ್ಗೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆದು ನಿಲ್ಲಿಸಿದೆವು. ಜಿನುಗು ಮಳೆಯಲ್ಲೇ ಹೆಂಡತಿ ಅದಕ್ಕೆ ಆಯುಧಪೂಜೆ ಮಾಡಿದಳು. ಹಚ್ಚಿದ ಕುಂಕುಮ ಬಾನೆಟ್ಟಿನ ಮೇಲಿಂದ ನಂಬರ್ ಪ್ಲೇಟಿಗೆ ಇಳಿದು ಯಾರಿಗೋ ಅಪಘಾತವಾದಂತೆ ಕಾಣುತ್ತಿತ್ತು. ಆಮೇಲೆ ತಟ್ಟೆ ಹಿಡಿದುಕೊಂಡು ಗ್ಯಾರೇಜಿನೊಳಗೆ ಬಂದವಳು, ನಾನು ಹೊಸದಾಗಿ ತಂದಿದ್ದ ಕಬ್ಬಿಣದ ಬಾಣಲೆಯನ್ನು ದೂರದಿಂದಲೇ ನೋಡಿ, ಸೌಟಿನ ಹಿಡಿಗೆ ಒಂದು ಬೊಟ್ಟು ಕುಂಕುಮ ಇಟ್ಟಳು. "ಇವತ್ತ ನಿಮ್ಮ ಆಯುಧ ಇದ. ನಡೀರಿ" ಅಂದಳು. ಕುಂಕುಮ ಅಳಿಸದಂತೆ ಸೌಟನ್ನು ಪಕ್ಕಕ್ಕೆ ಎತ್ತಿಟ್ಟೆ.

ಮೊದಲು ಅನ್ನ. ಅದನ್ನು ಒಳಗೆ, ಅಡುಗೆಮನೆಯಲ್ಲೇ ಮಾಡಲು ಅನುಮತಿಯಿತ್ತು. ಗೋವಿಂದಭೋಗ ಎಂಬ ಅವರ ಸಣ್ಣಕ್ಕಿಯನ್ನು ತೊಳೆದು, ಆರಿಸಿ, ಅರಿಸಿನ, ತುಪ್ಪ ಸವರಿಟ್ಟೆ. ಲವಂಗದೆಲೆ, ಚಕ್ಕೆ, ಏಲಕ್ಕಿ ಹಾಕಿದೆ. ಸಕ್ಕರೆಯ ಸರದಿ ಬಂದಾಗ ಮೈಸೂರು ಎದ್ದು ನಿಂತಿತು. ಹಳದಿ ಬಣ್ಣ, ತುಪ್ಪ, ಗೋಡಂಬಿ, ದ್ರಾಕ್ಷಿ ಕಂಡರೆ ನನ್ನ ಕೈಗೆ ಗೊತ್ತಿರುವುದು ಕೇಸರಿಬಾತಿನ ಅಳತೆ ಒಂದೇ. ಒಂದು ಲೋಟಕ್ಕೆ ಒಂದು ಲೋಟ. ಬೌದಿ ಹಾಕುತ್ತಿದ್ದದ್ದು ಅದರ ಕಾಲು ಭಾಗವೂ ಇರಲಿಕ್ಕಿಲ್ಲ ಎಂದು ಹೆಂಡತಿ ಹೇಳುವಷ್ಟರಲ್ಲಿ ಸಕ್ಕರೆ ಬಿದ್ದಾಗಿತ್ತು. "ಸಿಹಿ ಅನ್ನ ಅಂದ ಮೇಲೆ ಸಿಹಿ ಇರಬೇಕು" ಎಂದು ಸಮರ್ಥಿಸಿಕೊಂಡೆ. ಅನ್ನ ಬೆಂದಿತು, ತಳವೂ ಹಿಡಿಯಿತು.

ಆಮೇಲೆ ಗ್ಯಾರೇಜು. ಇಲ್ಲಿನ ಕನ್ನಡ ಸಂಘದ ಯುಗಾದಿಗೆಂದು ತಂದಿದ್ದ ಗ್ಯಾಸ್ ಒಲೆ, ಅರ್ಧ ಎತ್ತಿದ ಬಾಗಿಲು, ಒಂದು ಪಕ್ಕ ಹುಲ್ಲು ಕತ್ತರಿಸುವ ಯಂತ್ರ, ಇನ್ನೊಂದು ಪಕ್ಕ ಹಳೆಯ ಪೇಂಟಿನ ಡಬ್ಬಿಗಳು. ಹಿಂದಿನ ದಿನವೇ ಮೊಸರು, ಶುಂಠಿ, ಬೆಳ್ಳುಳ್ಳಿ, ಸಾಸಿವೆ ಎಣ್ಣೆಯಲ್ಲಿ ಕಲಸಿಟ್ಟಿದ್ದ ಮಾಂಸವನ್ನು ಆಪರೇಷನ್ ಥಿಯೇಟರಿನ ಕೈಗವುಸು ಹಾಕಿಕೊಂಡೇ ಮುಟ್ಟಿದೆ. ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಮೊದಲು ಸಕ್ಕರೆ ಹಾಕಿ ಕೆಂಪಗಾಗಿಸಿದೆ. ಈರುಳ್ಳಿಯನ್ನು ತಾಳ್ಮೆ ಮುಗಿದ ಮೇಲೂ ಹುರಿದೆ. ಮಾಂಸ ಹಾಕಿ, ಹುರಿದು, ಬಿಸಿನೀರು ಚಿಮುಕಿಸಿ, ಮತ್ತೆ ಹುರಿದೆ. ಹೀಗೆ ಎರಡು ಗಂಟೆಗೂ ಹೆಚ್ಚು. ದಾದಾ ಇದನ್ನು ಕೊಶಾನೊ ಎನ್ನುತ್ತಿದ್ದರು, ಕೈ ಬಿಡದೆ ಹುರಿಯುತ್ತಲೇ ಇರುವುದು. ಅವರ ಕೈಯ ವೇಗ, ಉರಿ ತಗ್ಗಿಸುತ್ತಿದ್ದ ಹೊತ್ತು, ಆಲೂಗಡ್ಡೆ ಹಾಕುತ್ತಿದ್ದ ಕ್ಷಣ ಎಲ್ಲವೂ ನನಗೆ ನೆನಪಿತ್ತು. ಯಾವ ಮಾತಿಗೆ ಎಲ್ಲಿ ನಕ್ಕಿದ್ದರು ಎಂಬುದೂ ನೆನಪಿಗೆ ಬಂದು, ಒಂದೆರಡು ಸಲ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಲೀಡ್ಸಿನಲ್ಲಿ ಓದುವ ಮಗಳು ವಿಡಿಯೋ ಕಾಲ್ ಮಾಡಿದಳು. ಅವಳು ಎಲ್ಲವನ್ನೂ ತಿನ್ನುತ್ತಾಳೆಂದು ನಮಗೆ ಗೊತ್ತು, ನಮಗೆ ಗೊತ್ತೆಂದು ಅವಳಿಗೂ ಗೊತ್ತು.

"ಅಪ್ಪಾ, ಜಸ್ಟ್ ಟೇಸ್ಟ್ ಇಟ್. ಒನ್ ಡ್ರಾಪ್."

"ಮೂಗು ಸಾಕು ಕಣಮ್ಮ."

"ಯು ಆರ್ ಕುಕಿಂಗ್ ಬ್ಲೈಂಡ್!"

ಫೋನ್ ಇಟ್ಟೆ. ಅಷ್ಟರಲ್ಲಿ ಎದುರು ಮನೆಯ ಇಂಗ್ಲಿಷ್ ಮುದುಕ ನಾಯಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತ. ಇಪ್ಪತ್ತು ವರ್ಷದಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡದವನು, "ವಾಸನೆ ಅದ್ಭುತವಾಗಿದೆ" ಎಂದ. ನಾನು ಹಳೆಯ ಬಾಣಸಿಗನ ಹಾಗೆ ಗಂಭೀರವಾಗಿ ತಲೆದೂಗಿದೆ. ಉಪ್ಪನ್ನು ಮೂಗಿನಲ್ಲೇ ತೂಗಿ ಹಾಕಿದೆ. ಮಸಾಲೆ ಎಣ್ಣೆ ಬಿಟ್ಟಿತು. ದಾದಾ "ಆ ಕಡೆ ತಿರುಗಿ" ಎನ್ನುವ ಹೊತ್ತು ಬಂದಿತ್ತು. ಹೇಳುವವರಿಲ್ಲದಿದ್ದರೂ ಅಭ್ಯಾಸಬಲದಿಂದ ನನ್ನ ಕತ್ತು ರಸ್ತೆಯ ಕಡೆ ಹೊರಳಿತು. ಸ್ವಲ್ಪ ಹೊತ್ತು ಹಾಗೇ ನಿಂತು, ತಿರುಗಿ, ಒಲೆ ಆರಿಸಿದೆ.

ಬೌದಿ ಪೂಜೆಯಿಂದ ನೇರವಾಗಿ ಬಂದರು, ಹಿಂದೆಲ್ಲ ಹಬ್ಬಕ್ಕೆ ಉಡುತ್ತಿದ್ದ ಕೆಂಪಂಚಿನ ಸೀರೆ ಅಲ್ಲ, ಬೂದುಬಣ್ಣದ್ದು. ಊಟದ ಮೇಜಿನ ಮೇಲೆ ಬಾಳೆ ಎಲೆಯಿಲ್ಲ ಎಂದು ನಾನು ಒದ್ದಾಡುತ್ತಿದ್ದರೆ ಹೆಂಡತಿ ಹೊಸ ತಟ್ಟೆ ಇಟ್ಟಳು. ಬೌದಿ ಮೊದಲು ಅನ್ನವನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಭಕ್ತಿಯೆಂದುಕೊಂಡೆ. ಸಿಹಿಗೆ ಹಲ್ಲು ಜುಂ ಎಂದಿತ್ತಂತೆ. ಆಮೇಲೆ ಒಂದು ತುಂಡು ಮಟನ್ ತೆಗೆದುಕೊಂಡರು. ಮಾಂಸ ಬಿಟ್ಟ ಮೇಲೆ ಮೊದಲ ಸಲ. ನಾನು ಕಿಟಕಿಯ ಕಡೆ ತಿರುಗಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ. 

ನಿಧಾನಕ್ಕೆ ಅಗಿದರು. "ಉಪ್ಪು ಸರಿಯಾಗಿದೆ" ಅಂದರು.

ನಾನು ಹೆಂಡತಿಯ ಕಡೆ ಮೂಗೆತ್ತಿ ನೋಡಿದೆ.

"ಚೆನ್ನಾಗಿದೆ ಡಾಕ್ಟರ್. ತುಂಬಾ ಕಷ್ಟಪಟ್ಟಿದ್ದೀರಿ" ಎಂದು ತಟ್ಟೆಯ ಅಂಚಿಗೆ ಮೂಳೆ ಇಟ್ಟು ನೀರು ಕುಡಿದರು. ಮನೆಗೆ ಬಂದ ಅತಿಥಿ ಹೇಳುವ ಮಾತು ಅದು. ಮೇಷ್ಟರ ಮುಂದೆ ಉತ್ತರ ತಪ್ಪಾದ ಹುಡುಗನ ಹಾಗೆ ಕುಗ್ಗಿಹೋದೆ. ನನ್ನಿಂದಾಗಿ ಅವರ ನಾಲಿಗೆಯ ಮೇಲೆ ಇನ್ನೊಂದು ತಪ್ಪು ರುಚಿ ಕೂತಿತು, ಇದ್ದಬದ್ದದ್ದನ್ನೂ ನಾನೇ ಅಳಿಸಿದೆ ಅನ್ನಿಸಿತು.

"ಏನು ಕಮ್ಮಿ? ಹೇಳಿ" ಅಂದೆ. ದನಿಯಲ್ಲಿ ಸಿಟ್ಟಿತ್ತು, ನನ್ನ ಮೇಲಿನದೇ.

ಬೌದಿ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡರು. "ಹತ್ತಿರ ಬಂದಿದೆ. ಇಷ್ಟು ಹತ್ತಿರ ನನಗೂ ಆಗಿರಲಿಲ್ಲ. ಕೊನೆಗೆ ಏನೋ ಒಂದು ಸುತ್ತು ಬರಬೇಕು, ಅದಿಲ್ಲ. ರುಚಿ ನೋಡಿದ ಮೇಲೆ ಏನು ಹಾಕುತ್ತಿದ್ದರು?"

ನಾನು ನಿಜ ಹೇಳಬೇಕಾಯಿತು. ಹದಿನೆಂಟು ವರ್ಷವೂ ಆ ಹೊತ್ತಿಗೆ ನಾನು ಟ್ರ್ಯಾಂಪೊಲಿನ್ ನೋಡುತ್ತಿದ್ದೆ ಎಂದೆ.

"ತಿರುಗಿ ಅಂತ ಅವರೇ ಹೇಳುತ್ತಿದ್ದರಾ?"

"ಪ್ರತಿ ವರ್ಷ."

ಬೌದಿ ಎದ್ದು ಗ್ಯಾರೇಜಿಗೆ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ಒಲೆ ಹಚ್ಚಿಸಿದರು. ಸೌಟಿನಿಂದ ರುಚಿ ನೋಡಿದರು, ಚಿಟಿಕೆ ಸಕ್ಕರೆ ಹಾಕಿದರು, ಮತ್ತೆ ನೋಡಿದರು. ಇಲ್ಲ. ತುಪ್ಪ ತರಿಸಿದರು. ಇಲ್ಲ. ಒಂದು ತುಂಡು ತಿಂದರು, ಇನ್ನೊಂದು ತಿಂದರು. ತಿನ್ನುತ್ತಿದ್ದೇನೆ ಎಂಬುದೇ ಅವರಿಗೆ ಮರೆತಂತಿತ್ತು, ಗಣಿತದ ಲೆಕ್ಕಕ್ಕೆ ಕೂತವರ ಹಾಗಿದ್ದರು. ಇದ್ದಕ್ಕಿದ್ದಂತೆ ಸೌಟು ನಿಂತಿತು.

"ಒಮ್ಮೊಮ್ಮೆ ಮಟನ್‌ನಲ್ಲಿ ಒಂದು ದ್ರಾಕ್ಷಿ ಸಿಗುತ್ತಿತ್ತು" ಅಂದರು. "ತಟ್ಟೆಯಲ್ಲಿ ನನ್ನ ಅನ್ನದಿಂದ ಬಂದು ಬಿದ್ದಿದೆ ಅಂದುಕೊಳ್ಳುತ್ತಿದ್ದೆ. ಅನ್ನದ ಪಾತ್ರೆ ತನ್ನಿ."

ತಂದೆ. ತಳ ಹಿಡಿದ ನನ್ನ ಕೇಸರಿಬಾತಿನ ಅನ್ನ. ಅವರು ಒಂದು ಮೂಲೆಯಿಂದ ಸೌಟು ಇಳಿಸಿ, ತುಪ್ಪ, ಸಕ್ಕರೆ, ದ್ರಾಕ್ಷಿ ಸಮೇತ ಆ ಕೆಂಪು ಪದರವನ್ನು ಕೆರೆದು ತೆಗೆದು ಬಾಣಲೆಗೆ ಹಾಕಿದರು. ಅದು ಕರಗುವವರೆಗೆ ತಿರುವಿದರು. ಸೌಟಿನ ತುದಿಯಿಂದ ಸ್ವಲ್ಪ ನೆಕ್ಕಿದರು.

ಅವರ ಮುಖ ನೋಡಿ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

"ಕಳ್ಳ" ಅಂದರು ಬೌದಿ. ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಹದಿನೆಂಟು ವರ್ಷ ನಿಮ್ಮನ್ನ ಬೈದೆ ಡಾಕ್ಟರ್. ಅವರು ಪಕ್ಕದಲ್ಲೇ ನಿಂತು ಬೈಸಿದರು."

"ಗೋಡಂಬಿ ನಾನೇ" ಅಂದೆ. ಇಷ್ಟು ವರ್ಷದ ಮೇಲೆ ಅದನ್ನಾದರೂ ಒಪ್ಪಿಕೊಳ್ಳಬೇಕು ಅನ್ನಿಸಿತು. 

ನನ್ನ ಆಚಾರಕ್ಕೆ ಬೆಲೆ ಕೊಟ್ಟ ಮನುಷ್ಯ ಎಂದು ನಾನು ಮನಸ್ಸು ತುಂಬಿಕೊಳ್ಳುತ್ತಿದ್ದ ಆ ಅರ್ಧ ನಿಮಿಷದಲ್ಲಿ ದಾದಾ ನನ್ನ ಬೆನ್ನ ಹಿಂದೆ ತಮ್ಮ ಹೆಂಡತಿಯ ಅನ್ನ ಕದಿಯುತ್ತಿದ್ದರು. ನನ್ನನ್ನು ಪ್ರತಿ ವರ್ಷ ಕರೆಯುತ್ತಿದ್ದದ್ದು ಹರಟೆಗೋ ಅಪವಾದ ಹೊರುವುದಕ್ಕೋ ಎಂದು ಈಗ ಯಾರನ್ನು ಕೇಳಲಿ?

ಬೌದಿ ಊಟದ ಮೇಜಿಗೆ ಮರಳಲಿಲ್ಲ. ಗ್ಯಾರೇಜಿನಲ್ಲೇ, ಪೇಂಟಿನ ಡಬ್ಬಿಗಳ ಪಕ್ಕ ಅಲ್ಲಿದ್ದ ಒಂದು ಸ್ಟೂಲನ್ನು ಎಳೆದುಕೊಂಡು ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಸಲ ಹಾಕಿಸಿಕೊಂಡು ತಿಂದರು. ಮೂರನೆಯ ಸಲ ತಾವೇ ಎದ್ದು ಸೌಟು ಹಿಡಿದವರು ನನ್ನ ಕಡೆ ನೋಡಿ, ದಾದಾರ ದನಿಯನ್ನೇ ಮಾಡಿ, "ಡಾಕ್ಟರ್, ಆ ಕಡೆ ತಿರುಗಿ" ಅಂದರು.

ನಾನು ತಿರುಗಿದೆ. ಹಿಂದಿನಿಂದ ಅನ್ನದ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು.